ಗೋಲ್‌ಕೀಪರ್‌ಗೆ ಎಷ್ಟು ವಿಶ್ರಾಂತಿ?

ಪ್ರಶ್ನೆ: ನಮ್ಮ ಹಾಕಿ ತಂಡದ ನಾಕೌಟ್‌ಗೆ ಇನ್ನು 10 ದಿನ. ಮುಖ್ಯ ಗೋಲ್‌ಕೀಪರ್‌ಗೆ ತೊಡೆಸಂದು ಹಿಡಿದುಕೊಂಡಿದೆ. ಪೂರ್ತಿ ಕೂರಿಸಬೇಕೇ?
– ಓದುಗರು, ಕಾರವಾರ

ಉತ್ತರ: ಬಿಗಿತವಷ್ಟೇ ಆದರೆ ಬೇಡ, ಪೂರ್ತಿ ಕೂತರೆ ಚೆಂಡಿನ ವೇಗದ ಅಂದಾಜು ತಪ್ಪುತ್ತದೆ. ಒಂದು ಲೀಗ್ ಪಂದ್ಯವನ್ನು ಎರಡನೇ ಕೀಪರ್‌ಗೆ ಬಿಡಿ. ನಿಜವಾದ ಹೊರೆ ಅಭ್ಯಾಸದ್ದು: ಡ್ರ್ಯಾಗ್‌ಫ್ಲಿಕ್ (ಚೆಂಡನ್ನು ಸ್ಟಿಕ್‌ನಲ್ಲಿ ಎಳೆದು ಗೋಲಿನತ್ತ ಚಿಮ್ಮಿಸುವ ಹೊಡೆತ) ಹೊಡೆಯುವವರು ಸರದಿಯಲ್ಲಿ ಬದಲಾಗುತ್ತಾರೆ, ಕಾಲು ಚಾಚಿ ಜಾರುವವನು ಮುಖ್ಯ ಕೀಪರ್ ಒಬ್ಬನೇ. ದಿನಕ್ಕೆ 100 ಹೊಡೆತವಿದ್ದರೆ 50ಕ್ಕೆ ಇಳಿಸಿ, ವೇಗ ಮಾತ್ರ ಇಳಿಸಬೇಡಿ. ಫ್ಲಿಕ್ಕರ್‌ಗಳಿಗೆ ಗುರಿ ಬೇಕಿದ್ದರೆ ಗೋಲಿನ ಮೂಲೆಗೆ ಹಳೇ ಟೈರ್ ಕಟ್ಟಿದರಾಯಿತು.

ಬರೀ ಬಿಗಿತವೋ ಅಲ್ಲವೋ ನೋಡಲು, ಮಲಗಿ ಮೊಣಕಾಲು ಮಡಚಿ, ನಡುವೆ ಫುಟ್‌ಬಾಲ್ ಇಟ್ಟು ಒತ್ತಲು ಹೇಳಿ. ಚುಚ್ಚಿದಂತೆ ನೋವು ಬಂದರೆ ಅಭ್ಯಾಸ ನಿಲ್ಲಿಸಿ, ಫಿಸಿಯೋ ಬಳಿ ಕಳಿಸಿ.

ಕರಾವಳಿಯ ಸೆಕೆಯಲ್ಲಿ ಪ್ಯಾಡ್ ತೊಟ್ಟವನ ಬೆವರು ಆರುವುದೇ ಇಲ್ಲ. ಅಭ್ಯಾಸದ ಮುಂಚೆ, ಆಮೇಲೆ ತೂಕ ನೋಡಿ. 1 ಕಿಲೋ ಇಳಿದಿದ್ದರೆ ಒಂದೂವರೆ ಲೀಟರಿನಷ್ಟು ನೀರು, ಉಪ್ಪು ಹಾಕಿದ ಕೋಕಂ ಶರಬತ್ತು ಸ್ವಲ್ಪಸ್ವಲ್ಪವಾಗಿ ಕುಡಿಸಿ.