ಅಡಿಕೆ ಅಂಗಡಿಗೆ ಬಿಲ್ಲಿಂಗ್ ಡೇಟಾಬೇಸ್ ಸಾಲದೇ? ಡೇಟಾ ವೇರ್‌ಹೌಸ್ ಯಾಕೆ?

ಕಾಸರಗೋಡು ಜಿಲ್ಲೆಯ ಬದಿಯಡ್ಕ, ಕುಂಬಳೆ, ಮುಳ್ಳೇರಿಯ ಮೂರೂ ಕಡೆ ಅಡಿಕೆ ಖರೀದಿ ಅಂಗಡಿ ಇದೆ, ಬಿಲ್ಲಿಂಗ್ ಸಾಫ್ಟ್‌ವೇರೂ ಇದೆ, ಮತ್ತೆ ವೇರ್‌ಹೌಸ್ ಯಾಕೆ ಎಂದು ಕೇಳಿದ್ದೀರಿ. ಇಲ್ಲಿ ವೇರ್‌ಹೌಸ್ ಎಂದರೆ ಗೋದಾಮಲ್ಲ; ಎಲ್ಲ ಕಡೆಯ ಹಳೆಯ, ಹೊಸ ಲೆಕ್ಕವನ್ನು ಒಂದೆಡೆ ಕೂಡಿಟ್ಟು ಹೋಲಿಸಿ ನೋಡಲು ಇರುವ ಡೇಟಾಬೇಸ್.

ಬಿಲ್ಲಿಂಗ್ ಡೇಟಾಬೇಸಿನ ಕೆಲಸ ಆ ಹೊತ್ತಿನದು: ತೂಕ ಬರೆದು, ಚೀಟಿ ಕೊಟ್ಟು, ದಾಸ್ತಾನು ಸರಿಮಾಡುವುದು. ಇಂದಿನ ಧಾರಣೆ ಹಾಕಿದರೆ ಎಷ್ಟೋ ಸಲ ನಿನ್ನೆಯದು ಅಳಿಸಿಹೋಗುತ್ತದೆ. ವೇರ್‌ಹೌಸಿನಲ್ಲಿ ಹಳೆಯದು ತಾರೀಕಿನ ಸಮೇತ ಹಾಗೇ ಉಳಿಯುತ್ತದೆ. 1990ರ ದಶಕದ ಆರಂಭದಲ್ಲಿ ಅಮೆರಿಕದ ಕಂಪ್ಯೂಟರ್ ತಜ್ಞ ಬಿಲ್ ಇನ್ಮನ್ ಡೇಟಾ ವೇರ್‌ಹೌಸಿಗೆ ಕೊಟ್ಟ ವ್ಯಾಖ್ಯೆಯಲ್ಲೂ ಇದು ಮುಖ್ಯ ಅಂಶ.

ಹೊಸ ಅಡಿಕೆಯನ್ನು ಈಗಲೇ ಮಾರುವುದೋ, ಚೋಲ್ (ದಾಸ್ತಾನಿಟ್ಟ ಹಳೆ ಅಡಿಕೆ) ಆಗುವವರೆಗೆ ಇಡುವುದೋ? ಇದನ್ನು ತೀರ್ಮಾನಿಸಲು ನಾಲ್ಕೈದು ವರ್ಷಗಳ ಕೊಂಡ ದರ, ಮಾರಿದ ದರ, ಒಣಗಿ ಇಳಿದ ತೂಕ, ಸಾಲದ ಬಡ್ಡಿ ಎಲ್ಲ ಒಂದೇ ಕಡೆ ಸಿಗಬೇಕು. ಬಡ್ಡಿ ಟ್ಯಾಲಿ ಎಂಬ ಲೆಕ್ಕಪತ್ರದ ಸಾಫ್ಟ್‌ವೇರಿನಲ್ಲಿ, ಗೋದಾಮಿನ ತೂಕ ಪುಸ್ತಕದಲ್ಲಿ ಇದ್ದರೆ ಆಗದು.

ನಿಜವಾದ ತಲೆನೋವು ಮಾಹಿತಿ ಹಸನು ಮಾಡುವುದರಲ್ಲಿದೆ. ಒಬ್ಬರೇ ಕೃಷಿಕರ ಹೆಸರು ಬದಿಯಡ್ಕದಲ್ಲಿ ಕನ್ನಡದಲ್ಲಿ, ಕುಂಬಳೆಯಲ್ಲಿ ಮಲಯಾಳದಲ್ಲಿ. ಕಂಪ್ಯೂಟರಿಗೆ ಅವರು ಇಬ್ಬರು! ಒಂದು ಅಂಗಡಿಯಲ್ಲಿ ‘ಪಟೋರ’ ಎಂದು ಬರೆದ ಅಡಿಕೆ ದರ್ಜೆ ಇನ್ನೊಂದರಲ್ಲಿ ‘ಎರಡನೇ ದರ್ಜೆ’. ಮೊದಲು ಕೃಷಿಕರಿಗೂ ದರ್ಜೆಗಳಿಗೂ ಮೂರೂ ಕಡೆ ಒಂದೇ ಕೋಡ್ ಕೊಡಿ. ಇದನ್ನು ಬಿಟ್ಟು ಮುಂದಿನದಕ್ಕೆ ಕೈಹಾಕಬೇಡಿ.

ನಿಮ್ಮ ವ್ಯಾಪಾರಕ್ಕೆ ದುಬಾರಿ ಕ್ಲೌಡ್ ಬೇಡ ಅನ್ನಿಸುತ್ತದೆ. ಪೋಸ್ಟ್‌ಗ್ರೆಸ್ ಎಂಬ ಡೇಟಾಬೇಸ್ ಸಾಫ್ಟ್‌ವೇರ್ ಉಚಿತ, ರಾತ್ರಿ ಬಾಗಿಲು ಹಾಕಿದ ಮೇಲೆ ಮೂರೂ ಕಡೆಯ ಲೆಕ್ಕ ಅದಕ್ಕೆ ತುಂಬಿಸಿದರಾಯಿತು. ಹಗಲು ಬಿಲ್ಲಿಂಗ್ ಡೇಟಾಬೇಸಿನ ಮೇಲೇ ದೊಡ್ಡ ವರದಿ ಓಡಿಸಿದರೆ, ಜೀಪಿನಿಂದ ಗೋಣಿ ಇಳಿಸಿದವರು ಚೀಟಿಗೆ ಕಾದು ನಿಲ್ಲಬೇಕಾದೀತು.