ಪ್ರತಿಕ್ರಿಯೆ: ಅಣುಸ್ಫೋಟದಿಂದ ಕ್ಷಿಪಣಿ ತಡೆಯುವ ಮಾದರಿಯಲ್ಲಿ ತಪ್ಪೆಲ್ಲಿ?

ಗೋಣಿಕೊಪ್ಪದ ವಿಜ್ಞಾನ ಮೇಳದಲ್ಲಿ ನಿಮ್ಮ ಮಗಳ ಮಾದರಿಯನ್ನು ತಳ್ಳಿಹಾಕಿದ್ದಕ್ಕೆ ಕಾರಣ ಬಹುಶಃ ನೀವು ಕೊಟ್ಟಿರುವ ಆ ಸಾಲೇ: ‘ಬಾಹ್ಯಾಕಾಶದಲ್ಲಿ ಬಾಂಬ್ ಸಿಡಿದು ಗಾಳಿಯ ಹೊಡೆತಕ್ಕೆ ಕ್ಷಿಪಣಿ ಪುಡಿಯಾಗುತ್ತದೆ.’ ಅಲ್ಲಿ ಗಾಳಿಯೇ ಇಲ್ಲವಲ್ಲ! ತೋಟಕ್ಕೆ ನುಗ್ಗಿದ ಆನೆ ಓಡಿಸುವ ಪಟಾಕಿಯ ಲೆಕ್ಕ ಅಲ್ಲಿ ನಡೆಯದು. ಮಡಿಕೇರಿಯಲ್ಲಿ ನಮ್ಮ ಮಕ್ಕಳೂ ಇದನ್ನೇ ಬರೆದಿದ್ದರು.

ಮೊದಲು ಆ ಸಾಲು ಅಳಿಸಿ, ಚಾರ್ಟನ್ನು ಎತ್ತರದ ಪ್ರಕಾರ ಎರಡು ಭಾಗ ಮಾಡಿ. ಮೇಲೆ ಶತ್ರು ಕ್ಷಿಪಣಿ ತಡೆಯಲು ಅಮೆರಿಕ ಮಾಡಿದ್ದ ಕ್ಷಿಪಣಿ ಸ್ಪಾರ್ಟನ್: ಸುಮಾರು 5 ಮೆಗಾಟನ್ (ಒಂದು ಮೆಗಾಟನ್ ಎಂದರೆ ಹತ್ತು ಲಕ್ಷ ಟನ್ ಟಿಎನ್‌ಟಿ ಸ್ಫೋಟಕದಷ್ಟು ಶಕ್ತಿ) ಸಿಡಿತಲೆ, ಅಂದರೆ ಕ್ಷಿಪಣಿ ಹೊತ್ತ ಬಾಂಬ್, ವಾತಾವರಣದ ಹೊರಗೆ ಸಿಡಿದು ಎಕ್ಸ್-ಕಿರಣಗಳಿಂದ ಎದುರಾಳಿ ಸಿಡಿತಲೆಯನ್ನು ಕೆಡಿಸುವಂಥದ್ದು. ಕೆಳಗೆ ಅವರದೇ ಇನ್ನೊಂದು ತಡೆ-ಕ್ಷಿಪಣಿ ಸ್ಪ್ರಿಂಟ್: ಸಿಡಿತಲೆ ಚಿಕ್ಕದು, ಕೆಲಸ ವಾತಾವರಣದೊಳಗೆ, ಮುಖ್ಯವಾಗಿ ನ್ಯೂಟ್ರಾನ್‌ಗಳಿಂದ.

ಆಮೇಲೆ ‘ಹಾಗಾದರೆ ಅಮೆರಿಕದವರು ಈ ವಿಧಾನವನ್ನು ಯಾಕೆ ಬಿಟ್ಟರು?’ ಎಂಬುದಕ್ಕೆ ಮಗಳನ್ನು ತಯಾರು ಮಾಡಿ. ತೀರ್ಪುಗಾರರು ಕೇಳಿಯೇ ಕೇಳುತ್ತಾರೆ ಅನ್ನಲಾರೆ, ನಮಗಂತೂ ಕೇಳಿದ್ದರು. 1962ರ ಜುಲೈನಲ್ಲಿ ಪೆಸಿಫಿಕ್ ಸಾಗರದ ಮೇಲೆ ಸುಮಾರು 400 ಕಿ.ಮೀ. ಎತ್ತರದಲ್ಲಿ 1.4 ಮೆಗಾಟನ್ನಿನ ‘ಸ್ಟಾರ್‌ಫಿಶ್ ಪ್ರೈಮ್’ ಎಂಬ ಅಮೆರಿಕದ ಅಣುಬಾಂಬ್ ಪರೀಕ್ಷೆ ನಡೆಯಿತು. ಸುಮಾರು 1,450 ಕಿ.ಮೀ. ದೂರದ ಹವಾಯಿಯಲ್ಲಿ ಕೆಲವು ಬೀದಿದೀಪಗಳು ಆರಿದವು, ಉಪಗ್ರಹಗಳೂ ಹಾಳಾದವು. ಮಡಿಕೇರಿಯ ಮೇಲೆ ಸಿಡಿದರೆ ಹೆಚ್ಚುಕಡಿಮೆ ಝಾನ್ಸಿಯಲ್ಲಿ ದೀಪ ಆರಿದ ಹಾಗೆ. ಈ ಹೋಲಿಕೆಯನ್ನು ಭೂಪಟದಲ್ಲಿ ದಾರ ಎಳೆದು ತೋರಿಸಿ. ಜೊತೆಗೆ, ಅಂಥ ಸ್ಫೋಟ ಸಿಡಿಸಿದವರದೇ ರೇಡಾರಿನ ಕಣ್ಣಿಗೂ ಮಣ್ಣೆರಚುತ್ತದೆ. ಸ್ಪಾರ್ಟನ್, ಸ್ಪ್ರಿಂಟ್ ಎರಡೂ ಇದ್ದ, ಅಮೆರಿಕದ ಉತ್ತರ ಡಕೋಟಾ ರಾಜ್ಯದ ನೆಲೆ 1975ರಲ್ಲಿ ಸಿದ್ಧವಾಗಿ, ಕೆಲವೇ ತಿಂಗಳಲ್ಲಿ, 1976ರಲ್ಲಿ ಮುಚ್ಚಿತು.

ಕೊನೆಗೆ, ಮೇಲ್ಭಾಗದ ಥರ್ಮಾಕೋಲ್ ಹೊಗೆಮೋಡ ಕಿತ್ತು, ಹಳದಿ ನೂಲಿನಿಂದ ಕಿರಣಗಳನ್ನು ಅಂಟಿಸಿ.