ಅನುಪಾತದ ಸೂತ್ರವನ್ನು ಮಗಳಿಗೆ ಬಾಯಿಪಾಠ ಮಾಡಿಸಲಾ? ನಿಜ ಜೀವನದಲ್ಲಿ ಅದರಿಂದ ಏನು ಉಪಯೋಗ?

ಬಾಯಿಪಾಠ ಬೇಡ. ಅಡ್ಡ ಗುಣಾಕಾರ ಹೈಸ್ಕೂಲಿನಲ್ಲಿ ನನಗೆ ನೀರು ಕುಡಿದಷ್ಟು ಸಲೀಸಾಗಿತ್ತು. ಆದರೂ ತೀರ್ಥಹಳ್ಳಿ ಕಡೆಯ ನಮ್ಮ ತೋಟದಲ್ಲಿ ಒಂದು ವರ್ಷದ ಫಸಲು ಕೈತಪ್ಪಿದ್ದು ಅನುಪಾತ ತಪ್ಪಿದ್ದಕ್ಕೇ.

ಮಳೆಗಾಲದಲ್ಲಿ ಅಡಿಕೆಗೆ ಕೊಳೆರೋಗ ಬರುತ್ತದೆ. ಅದಕ್ಕೆ ಬೋರ್ಡೋ ದ್ರಾವಣ ಹೊಡೆಯುತ್ತೇವೆ. ಶೇಕಡಾ 1ರ ದ್ರಾವಣಕ್ಕೆ 1 ಕೆಜಿ ಮೈಲುತುತ್ತ (ತಾಮ್ರದ ಸಲ್ಫೇಟ್), 1 ಕೆಜಿ ಸುಣ್ಣ, 100 ಲೀಟರ್ ನೀರು. ತುತ್ತವನ್ನು 50 ಲೀಟರಿನಲ್ಲಿ ಕರಗಿಸಿ, ಸುಣ್ಣವನ್ನು ಬೇರೆಯಾಗಿ 50 ಲೀಟರಿನಲ್ಲಿ ಕದಡಿ, ತುತ್ತದ ನೀರನ್ನು ಸುಣ್ಣದ ನೀರಿಗೆ ನಿಧಾನಕ್ಕೆ ಹೊಯ್ಯಬೇಕು. ಆ ವರ್ಷ ಅಪ್ಪನಿಗೆ ಹುಷಾರಿರಲಿಲ್ಲ. ಮಳೆ ಸ್ವಲ್ಪ ಹೊಳವಾಗಿತ್ತು, ಕೊನೆಗಾರ ಮರ ಹತ್ತಲು ತಯಾರಾಗಿ ನಿಂತಿದ್ದ, ಮತ್ತೆ ಯಾವಾಗ ಮಳೆ ಹಿಡಿಯುತ್ತದೋ ಅನ್ನುವ ಗಡಿಬಿಡಿಯಲ್ಲಿ ನಾನು ತಕ್ಕಡಿ ಹುಡುಕಲಿಲ್ಲ. ಎರಡೂ ಸಮ ಸಮ ತಾನೆ ಅಂತ ಒಂದೇ ಡಬ್ಬದಲ್ಲಿ ಅಳೆದು ಹಾಕಿದೆ.

ತುತ್ತ ಹರಳು, ಭಾರ. ಸುಣ್ಣದ ಪುಡಿ ಹಗುರ. ಡಬ್ಬದ ಲೆಕ್ಕದಲ್ಲಿ 1ಕ್ಕೆ 1 ಇದ್ದದ್ದು ತೂಕದ ಲೆಕ್ಕದಲ್ಲಿ ಹೆಚ್ಚುಕಮ್ಮಿ 1ಕ್ಕೆ ಅರ್ಧ ಆಗಿತ್ತು. ಅದು ಸಾಲದು ಅಂತ ಸುಣ್ಣ ಹಿಂದಿನ ವರ್ಷ ಬಾಯಿ ಬಿಚ್ಚಿಟ್ಟ ಚೀಲದ್ದು. ಗಾಳಿಗೆ ತೆರೆದಿಟ್ಟ ಸುಣ್ಣ ಸತ್ವ ಕಳೆದುಕೊಳ್ಳುತ್ತದೆ. ಅಂದರೆ ಇದ್ದ ಅರ್ಧದಲ್ಲೂ ಕೆಲಸ ಮಾಡುವ ಸುಣ್ಣ ಇನ್ನೂ ಕಡಿಮೆ. ತುತ್ತದ ಹುಳಿಯನ್ನು ಮುರಿಯುವುದು ಸುಣ್ಣ. ಅದು ಕಡಿಮೆಯಾದರೆ ಔಷಧಿಯೇ ಕಾಯಿಯನ್ನು ಸುಡುತ್ತದೆ. ಹಾಗೇ ಆಯಿತು. ಎಳೆ ಕಾಯಿಗಳ ಮೇಲೆ ಸುಟ್ಟ ಕಲೆ ಎದ್ದು, ಮರದ ಬುಡದಲ್ಲೆಲ್ಲ ಕಾಯಿ ಉದುರಿ ಬಿದ್ದವು. ಹೊಳೆಯುವ ಕಬ್ಬಿಣದ ಚಾಕುವನ್ನು ಒಂದು ನಿಮಿಷ ದ್ರಾವಣದಲ್ಲಿ ಅದ್ದಿದ್ದರೆ ಸಾಕಿತ್ತು. ಅಲಗಿನ ಮೇಲೆ ಕೆಂಪಗೆ ತಾಮ್ರ ಕೂತರೆ ಸುಣ್ಣ ಸಾಲದು, ಇನ್ನೂ ಹಾಕಬೇಕು. ಅಪ್ಪ ಪ್ರತಿ ಬ್ಯಾರಲ್‌ಗೂ ಹೀಗೆ ನೋಡುತ್ತಿದ್ದರು.

ಹಾಗಾಗಿ ನಿಮ್ಮ ಪ್ರಶ್ನೆಯಲ್ಲೇ ನನಗೆ ತಕರಾರಿದೆ. ನೀವು ಸೂತ್ರವನ್ನೇ ಅನುಪಾತ ಅಂದುಕೊಂಡಿದ್ದೀರಿ. ಮೂರು ಗೊತ್ತಿದ್ದರೆ ನಾಲ್ಕನೆಯದು ಹುಡುಕುವ ತ್ರೈರಾಶಿಕವನ್ನು ಆರ್ಯಭಟ ಕ್ರಿ.ಶ. 499ರ ಹೊತ್ತಿಗೇ ಬರೆದಿಟ್ಟಿದ್ದಾನೆ, ಈಗ ಫೋನ್ ಕೂಡ ಅದನ್ನು ಮಾಡುತ್ತದೆ. ಮಗಳು ಕಲಿಯಬೇಕಾದ್ದು ಅದಕ್ಕೂ ಮೊದಲಿನ ಪ್ರಶ್ನೆ. ಯಾವುದಕ್ಕೆ ಯಾವುದು, ಯಾವ ಅಳತೆಯಲ್ಲಿ? ಒಂದು ದುಪ್ಪಟ್ಟಾದರೆ ಇನ್ನೊಂದೂ ನಿಜವಾಗಿ ದುಪ್ಪಟ್ಟಾಗುತ್ತದಾ?

ಎಷ್ಟೋ ಕಡೆ ಆಗುವುದಿಲ್ಲ. ಪುಸ್ತಕದಲ್ಲಿ ಆಳು ದುಪ್ಪಟ್ಟಾದರೆ ದಿನ ಅರ್ಧ. ನಮ್ಮ ಅಂಗಳದಲ್ಲಿ ಅಡಿಕೆ ಸುಲಿಯುವವರನ್ನು ದುಪ್ಪಟ್ಟು ಮಾಡಿದರೆ ಸುಲಿಯುವುದೇನೋ ಬೇಗ ಮುಗಿಯುತ್ತದೆ, ಆದರೆ ಬೇಯಿಸುವ ಹಂಡೆ ಒಂದೇ, ಸುಲಿದ ಅಡಿಕೆ ಸುಮ್ನೆ ರಾಶಿ ಬೀಳುತ್ತದೆ. ಒಂದು ಹೆಚ್ಚಿದಷ್ಟೂ ಇನ್ನೊಂದು ಇಳಿಯುವ ಈ ವಿಲೋಮ ಅನುಪಾತ ಆ ಹಂಡೆಯ ಹತ್ತಿರ ನಿಂತುಹೋಗುತ್ತದೆ. ಇದನ್ನು ಯಾವ ಮೇಷ್ಟ್ರೂ ನನಗೆ ಹೇಳಿಕೊಡಲಿಲ್ಲ ಅನ್ನುವುದು ಇವತ್ತಿಗೂ ನನಗೆ ಬೇಸರ.

ಉಪಯೋಗ ಏನು ಅಂತ ಕೇಳಿದಿರಲ್ಲ, ಅಡುಗೆ, ಗೊಬ್ಬರ, ಗಾರೆ, ನಕ್ಷೆ, ಮಕ್ಕಳ ಜ್ವರದ ಸಿರಪ್, ಎಲ್ಲದರಲ್ಲೂ ಇದೆ. ಸಿರಪ್‌ನಲ್ಲಂತೂ ಮಗುವಿನ ತೂಕ ನೋಡಿ ಡಾಕ್ಟರ್ ಬರೆದಷ್ಟೇ ಕೊಡಬೇಕು, ಕಣ್ಣಂದಾಜು ಬೇಡವೇ ಬೇಡ.

ಇವತ್ತು ಸಂಜೆ ಮಗಳಿಗೆ ಒಂದು ಲೆಕ್ಕ ಕೊಟ್ಟು ನೋಡಿ. ಎಕರೆ ಅಂದರೆ 43,560 ಚದರ ಅಡಿ. 9 ಅಡಿಗೆ ಒಂದರಂತೆ ಉದ್ದಕ್ಕೂ ಅಡ್ಡಕ್ಕೂ ಅಡಿಕೆ ಸಸಿ ನೆಟ್ಟರೆ ಸುಮಾರು 537 ಹಿಡಿಯುತ್ತದೆ. ಅಂತರ 18 ಅಡಿ ಮಾಡಿದರೆ ಎಷ್ಟು? ಅರ್ಧ, 268 ಅಂದಳು ಅನ್ನಿ, ಬೈಯಬೇಡಿ. ಅಂಗಳದಲ್ಲಿ ಒಂದು ಚೌಕ ಬರೆಸಿ. ಪಕ್ಕದಲ್ಲಿ ಅದರ ದುಪ್ಪಟ್ಟು ಅಂಚಿನ ಚೌಕ ಬರೆಸಿ, ಚಿಕ್ಕದು ದೊಡ್ಡದರಲ್ಲಿ ಎಷ್ಟು ಸಲ ಕೂರುತ್ತದೆ ಅಂತ ಅವಳೇ ಎಣಿಸಲಿ. ನಾಲ್ಕು ಸಲ. ಹಾಗಾಗಿ ಉತ್ತರ 537ರ ಕಾಲು ಭಾಗ, 134.